ಸಾಂತೋ ಕಾಕಾನ ಫ್ಲೆಕ್ಸ್

ಎಲ್ಲ ತಾಪತ್ರಯಕ್ಕೂ ಕಾರಣ ಮಹಾರಾಷ್ಟ್ರದ ಮಿರಜದ ಚೌಕದಲ್ಲಿ ಬೆಳಿಗ್ಗೆ ಕಟ್ಟಿಸಿದ ಒಂದು ಫ್ಲೆಕ್ಸ್.

ಪೋಸ್ಟಾಫೀಸಿನಿಂದ ನಿವೃತ್ತರಾದ ಭರತೇಶರಿಗೆ ಎರಡು ಹುಚ್ಚು. ಒಂದು, ಕನ್ನಡ ಮಂಡಳದ ಹಾಲಿನಲ್ಲಿ ಭಾನುವಾರದ ಭಾಷಣ ನಡೆಸುವುದು. ಇನ್ನೊಂದು, ಅಮೆರಿಕದ ಯಾವುದೋ ಕಲ್ಲಿದ್ದಲು ಗಣಿಯ ಊರಲ್ಲಿ ಬೇರುಬಿಟ್ಟಿದ್ದ ಇಟಲಿಯವರ ಗ್ಯಾಂಗೊಂದರ ಚರಿತ್ರೆ ಓದುವುದು. ಭಾಷಣಕ್ಕೆ ಜನ ಬರುವುದು ಎಂದೋ ನಿಂತಿತ್ತು. ಕುಪವಾಡದಲ್ಲಿ ಕಾರ್ಖಾನೆ ಇಟ್ಟಿರುವ ಮಂಡಳದ ಅಧ್ಯಕ್ಷ ಪ್ರತಾಪ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ: "ಈ ಐತವಾರ ಹಾಲ್ ತುಂಬಲಿಲ್ಲಂದ್ರ ಬ್ಯೂಟಿ ಪಾರ್ಲರ್ ಕ್ಲಾಸಿಗೆ ಕೊಟ್ಟಬಿಡ್ತೇನಿ ನೋಡ್ರಿ ಕಾಕಾ."

ಭರತೇಶರ ತಂದೆಯ ಕಾಲದಲ್ಲಿ ಜನ ಕಿಟಕಿಗೆ ಜೋತುಬಿದ್ದು ಭಾಷಣ ಕೇಳುತ್ತಿದ್ದ ಹಾಲು ಅದು. ಅಲ್ಲಿ ಫೇಶಿಯಲ್ಲು ನಡೆಯುವುದನ್ನು ಅವರು ಕನಸಲ್ಲೂ ಒಪ್ಪಲಾರರು.

ಗ್ಯಾಂಗಿನ ಕತೆಯಾದರೂ ಜನರನ್ನು ಎಳೆದೀತೆಂದು ಅದನ್ನೇ ವಿಷಯ ಮಾಡಿದರು. ಫ್ಲೆಕ್ಸಿನಲ್ಲಿ ಗ್ಯಾಂಗಿನ ಮುದಿ ಯಜಮಾನ ಸಾಂತೋನ ಫೋಟೋ. ಆಪ್ತವಾಗಿರಲೆಂದು 'ಸಾಂತೋ ಕಾಕಾ' ಎಂಬ ಹೆಸರು. ಚಾಳೀಸಿಗೂ ಕಾಣದಷ್ಟು ಸಣ್ಣ ಅಂಕಿಯಲ್ಲಿ ಹುಟ್ಟಿದ ಇಸವಿ, ಸತ್ತ ಇಸವಿ; ಹಾಲಿನ ವಿಳಾಸ, ಸಭೆಯ ಹೊತ್ತು, ಕೆಳಗೆ ತಮ್ಮ ಹೆಸರು. 'ಭಾಷಣ' ಎಂಬ ಮಾತು ಕಂಡರೆ ಜನ ಮಾರುದೂರ ಓಡುತ್ತಾರೆಂದು ಅದನ್ನು ಬರೆಸಲೇ ಇಲ್ಲ. ಫ್ಲೆಕ್ಸ್ ಅಂಗಡಿಯ ತುಷಾರ ರೂಢಿಯಂತೆ ಎರಡೂ ಮೂಲೆಗೆ ಒಂದೊಂದು ದೀಪ ಕೂರಿಸಿದ. ಚಂದ ಕಾಣುತ್ತದೆ ಎಂದು ಭರತೇಶರೂ ಹಿಗ್ಗಿದರು.

ಮಂಡಳದವರು ಹೆಚ್ಚಾಗಿ ಜೈನರು, ಹೊತ್ತು ಮುಳುಗುವ ಮುಂಚೆ ಎಲ್ಲರೂ ಉಣ್ಣಬೇಕಲ್ಲ, ಅದಕ್ಕೇ ಮಧ್ಯಾಹ್ನವೇ ಸಭೆ. ಹಾಲು ತುಂಬಿ, ಚಪ್ಪಲಿಗಳು ರಸ್ತೆಯವರೆಗೆ ಬಂದಿದ್ದವು! ಆದರೆ ಬಂದ ಗಂಡಸರೆಲ್ಲ ಬಿಳಿ ಟೋಪಿ ಹಾಕಿದ್ದರು. ಯಾರೂ ನಗುತ್ತಿರಲಿಲ್ಲ. ಪಕ್ಕದ ಮನೆಯ ಸಖುಬಾಯಿ ಬಾಯಿಗೆ ಸೆರಗು ಹಿಡಿದು ಬಂದರು.

"ಯಾವಾಗ ಹೋದ್ರಪಾ ಭರತೇಶಾ?"

"ಯಾರು, ಮಾವಶಿ?"

"ನಿನ್ನ ಸಾಂತೋ ಕಾಕಾ! ಫ್ಲೆಕ್ಸ್ ನೋಡಿ ಕೈಯಾಗಿನ ರೊಟ್ಟಿ ಬಿಟ್ಟ ಬಂದೇನಿ. ಹ್ಯಾಟ ಹಾಕ್ಯಾರ, ಮುಂಬೈದಾಗ ಇದ್ರೇನು?"

ಭರತೇಶರಿಗೆ ಆಗ ಹೊಳೆಯಿತು. ಮುದುಕರ ಫೋಟೋ, ಎರಡು ಇಸವಿ, ಎರಡು ದೀಪ. ಮಿರಜದಲ್ಲಿ ಅದಕ್ಕೆ ಇರುವುದು ಒಂದೇ ಅರ್ಥ: ಶ್ರದ್ಧಾಂಜಲಿ. ನಿಜ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಪ್ರತಾಪ ಬಂದು ಕೈಹಿಡಿದ: "ಹಾಲ್ ತುಂಬೇತ್ರಿ ಕಾಕಾ. ನಾ ತಪ್ಪ ತಿಳಕೊಂಡಿದ್ದೆ."

ಭರತೇಶರು ನಿಜವನ್ನೂ ಇಟಲಿ ಅಮೆರಿಕಗಳನ್ನೂ ನುಂಗಿಕೊಂಡು ಮೈಕು ಹಿಡಿದರು.

"ಸಾಂತೋ ಬಡತನದಾಗ ದೂರದಿಂದ ಬಂದಾಂವ. ಮೊದಲ ಹಣ್ಣಿನ ಗಾಡಿ ಇಟ್ಟಿದ್ದ. ಆಮ್ಯಾಲ ಟೋಳಿ ಕಟ್ಟಿ ವಾರಾ ವಾರಾ ಎಲ್ಲಾ ಅಂಗಡಿಗೂ ಹೋಗತಿದ್ದ."

"ಎಂಥಾ ಮಿಲನಸಾರ, ಎಲ್ಲಾರ ಕೂಡ ಬೆರೆಯೋ ಮನಶ್ಯಾ!" ಎಂದು ಯಾರೋ ಲೊಚಗುಟ್ಟಿದರು.

"ಅಡ್ಡ ಬಂದವರನ್ನ ಗಣಿಯಾಗ ಹುಗಸತಿದ್ದ."

"ಸತ್ತವರ ಬಗ್ಗೆ ಹಂಗ ಅನಬಾರದೋ!" ಸಖುಬಾಯಿ ಗದರಿದರು. ಸಾಂಗ್ಲಿವಾಡಿಯ ಮುದುಕ ಜಿನೇಂದ್ರ ಎದ್ದು ನಿಂತು, "ನಮ್ಮ ಮದವಿಗೂ ಬಂದಿದ್ರು. ಒಂದ ಲಾಡು ಸೈತ ಹೆಚ್ಚಿಗಿ ತಿನ್ನಲಿಲ್ಲ," ಎಂದು ಕಣ್ಣೊರೆಸಿಕೊಂಡ.

ಭರತೇಶರು ಅವಸರದಲ್ಲಿ ಕತೆಯ ಕೊನೆಗೆ ಬಂದರು.

"ಟೋಳಿ ಮುರಿಯೂದು ಪೊಲೀಸರ ಕೈಲೆ ಆಗಲಿಲ್ಲ, ಮನ್ಯಾಗ ಆತು. ಟೋಳಿಯವರ ಮಕ್ಕಳಿಗೆ ಮನಿ ಭಾಷಾ ತಿಳೀತಿತ್ತು, ಆಡಾಕ ಬರತಿರಲಿಲ್ಲ. ಮುದುಕರಷ್ಟ ಅಂಗಡಿ ಹಿಂದಿನ ಖೋಲ್ಯಾಗ ಇಸ್ಪೀಟ ಆಡಕೋತ ತಮ್ಮ ಊರ ಮಾತ ಆಡತಿದ್ರು. ಒಬ್ಬೊಬ್ಬರ ಹೋದ್ರು. ಕಡೀಕ ಸಾಂತೋಗ ಆ ಮಾತ ಆಡಾಕ ಯಾರೂ ಉಳಿಲಿಲ್ಲ."

ಅಲ್ಲಿದ್ದ ಪ್ರತಿಯೊಬ್ಬರ ಮನೆಯಲ್ಲೂ ಕನ್ನಡದಲ್ಲಿ ಕರೆದರೆ ಮರಾಠಿಯಲ್ಲಿ ಓಗೊಡುವ ಮೊಮ್ಮಕ್ಕಳಿದ್ದರು. ಕಂಡರಿಯದ ಒಬ್ಬ ಗೂಂಡಾನಿಗಾಗಿ ಆ ಮುದುಕರೆಲ್ಲ ನಿಜಕ್ಕೂ ಅತ್ತರು. ಭರತೇಶರೂ ತಂದೆಯ ದನಿ ನೆನಪಾಗಿ ಕನ್ನಡಕ ತೆಗೆದು ಒರೆಸಿಕೊಂಡರು.

ಪ್ರತಾಪ ಮೂಗು ಒರೆಸಿಕೊಂಡು ಎದ್ದ. "ನಮ್ಮ ಅಜ್ಜನೂ ಹಿಂಗ ಇಲ್ಲೇ ಬಂದ ಕುಂದರತಿದ್ದ. ಈ ಭಾಷಣ ಎಂದೂ ನಿಲ್ಲಬಾರದು!"

ಭರತೇಶರು ಮನಸ್ಸಿನಲ್ಲೇ ಸಾಂತೋನ ಕಾಲಿಗೆ ಬಿದ್ದರು.

ಪ್ರತಾಪ ಮಾತು ಮುಂದುವರಿಸಿದ: "ಆದ್ರ ಮನಿ ಹಿರಿಯಾ ತೀರಿದ ವರ್ಷ ನಾವ್ ಹಬ್ಬಾ ಮಾಡತೇವೇನು? ಭರತೇಶ ಕಾಕಾರ ಹಿರಿಯಾ ಅಂದ್ರ ಮಂಡಳದ ಹಿರಿಯಾ. ಅದಕ್ಕ ವರ್ಷ ತುಂಬೂತನಕ ಎಲ್ಲಾ ಕಾರ್ಯಕ್ರಮ ಬಂದ್. ಹಾಲ್ ಖಾಲಿ ಬಿಡೂದ್ಯಾಕ, ಅಲ್ಲೀತನಕ ಪಾರ್ಲರ್ ಕ್ಲಾಸ್ ನಡೀಲಿ."

ಎಲ್ಲರೂ ಒಪ್ಪಿ ಮೌನವಾಗಿ ಎದ್ದುನಿಂತರು. ಆ ಮೌನದಲ್ಲಿ ಭರತೇಶರು ಒಬ್ಬರೇ ಗಟ್ಟಿಯಾಗಿ ಅಳತೊಡಗಿದರು.

ಸಖುಬಾಯಿ ಅವರ ಬೆನ್ನು ಸವರಿದರು. "ಅಳಬ್ಯಾಡೋ ನನ್ನಪ್ಪಾ. ಎಷ್ಟ ಮಂದಿ ಕೂಡೇತಿ ನೋಡು. ಪುಣ್ಯವಂತ ಜೀವ!"