ಕಾಂಪೌಂಡರನ ಗೋಧಿ ಪತ್ತೇದಾರಿ

ಬುದ್ಧಿವಂತಿಕೆ ತೋರಿಸಲು ಹೋದಲ್ಲೆಲ್ಲ ನಗೆಪಾಟಲಾಗುವ ಯೋಗ ನನ್ನದು. ಐವತ್ತರ ದಶಕದ ಕೊನೆಗೆ ಶಿಕಾರಿಪುರದಿಂದ ಬಂದು ಸೊರಬದ ಡಾಕ್ಟರೊಬ್ಬರ ಶಾಪಿನಲ್ಲಿ ಕಾಂಪೌಂಡರಾಗಿದ್ದಾಗ ಅದು ಮೂರು ಸಲ ಕೂಡಿಬಂತು, ಅದೂ ಒಬ್ಬಳೇ ಅಜ್ಜಿಯ ಮುಂದೆ.

೧. ರವೆ

ಕುಪ್ಪಗಡ್ಡೆಯ ಆ ಅಜ್ಜಿ ನಾಲ್ಕು ವರ್ಷದ ಮೊಮ್ಮಗಳನ್ನು ಎತ್ತಿಕೊಂಡು ಬಂದಳು. ಮಗುವಿನ ಹೊಟ್ಟೆ ಉಬ್ಬಿತ್ತು, ಕೈಕಾಲು ಕಡ್ಡಿ, ಭೇದಿ ನಿಲ್ಲುತ್ತಿರಲಿಲ್ಲ. ಇದು ಸೀಲಿಯಾಕ್ ಎಂಬ ಕಾಯಿಲೆ, ಗೋಧಿಯೊಳಗಿನ ಅಂಟು ಈ ಮಗುವಿಗೆ ವಿಷ, ಬಿಡಿಸದಿದ್ದರೆ ಉಳಿಯುವುದು ಕಷ್ಟ ಎಂದರು ಡಾಕ್ಟರು. ಗೋಧಿ ಮುಟ್ಟಿಸಬೇಡಿ ಎಂದು ನಾನು ಅಜ್ಜಿಗೆ ತಾಕೀತು ಮಾಡಿದೆ. ತಿಂಗಳಾದರೂ ಗುಣವಿಲ್ಲ. ಏನು ತಿನ್ನಿಸುತ್ತಿದ್ದೀರಿ ಎಂದು ಗದರಿದೆ.

"ಗೋಧಿ ಮನೆ ಒಳಗೇ ತಂದಿಲ್ಲ ಕಣ್ರೀ. ಕೂಸಿಗೆ ಬರೀ ರವೆ ಗಂಜಿ."

ರವೆಯೂ ಗೋಧಿಯದೇ ಎಂದು ಹೇಳಬೇಕಿದ್ದವನು ನಾನು. ಗದರಿದ್ದಕ್ಕೆ ನಾಚಿ, ರವೆಯನ್ನೂ ಬಿಡಿಸಿ ಎಂದು ಹೇಳಿ, ಸೀಸೆ ತೊಳೆಯುವ ನೆಪದಲ್ಲಿ ಒಳಗೆ ಹೋದೆ.

೨. ನೀಲಿ ಅನ್ನ

ತಪ್ಪು ತಿದ್ದಿಕೊಳ್ಳಲು, ಇನ್ನೆಲ್ಲಿ ಗೋಧಿ ಅಡಗಿದೆ ಎಂದು ಹುಡುಕಲು ಟಿಂಚರ್ ಅಯೋಡಿನ್ ಹಿಡಿದು ಅವರ ಮನೆಗೇ ಹೋದೆ. ಒಂದು ಹನಿ ಬಿಟ್ಟರೆ ಗೋಧಿ ನೀಲಿಯಾಗುತ್ತದೆಂದು ಎಲ್ಲೋ ಓದಿದ್ದೆ. ಅನ್ನ ನೀಲಿಯಾಯಿತು. ಅಕ್ಕಿಹಿಟ್ಟು, ಅವಲಕ್ಕಿ, ಬಾಳೆಕಾಯಿ ಎಲ್ಲವೂ ನೀಲಿ. ಮನೆ ತುಂಬ ಗೋಧಿ ಎಂದು ತೀರ್ಪು ಕೊಟ್ಟು ಅಡಿಗೆಯನ್ನೆಲ್ಲ ಎಮ್ಮೆಗೆ ಹಾಕಿಸಿದೆ. ಮನೆಮಂದಿ ಅಂದು ಮಜ್ಜಿಗೆ ಕುಡಿದು ಮಲಗಿದರಂತೆ.

ಡಾಕ್ಟರು ತಲೆ ಚಚ್ಚಿಕೊಂಡರು. ಅಯೋಡಿನ್ ತೋರಿಸುವುದು ಪಿಷ್ಟವನ್ನು, ಅನ್ನದಲ್ಲಿ ಅದಲ್ಲದೆ ಇನ್ನೇನಿರುತ್ತದೆ? ಹಿಟ್ಟು ಕಲಸಿ ನೀರಿನಲ್ಲಿ ತೊಳೆಯುತ್ತ ಹೋಗು, ರಬ್ಬರಿನಂತೆ ಹಿಗ್ಗುವುದೇನಾದರೂ ಉಳಿದರೆ ಅದು ಗೋಧಿ ಎಂದರು. ಮತ್ತೆ ಹೋಗಿ ತಪ್ಪಾಯಿತೆಂದು ಹೇಳಿ ಅಜ್ಜಿಗೆ ಅದನ್ನು ಕಲಿಸಿದೆ. ಮಾತು ಬದಲಿಸಲು, ಎಮ್ಮೆ ಹೇಗಿದೆ ಎಂದು ಕೇಳಿದೆ.

"ನೀವು ಮತ್ತೆ ಬರ್ತೀರಾ ಅಂತ ದಾರಿ ನೋಡ್ತಾ ಇತ್ತು."

೩. ಶಕ್ತಿಗುಳಿಗೆ

ಬಲಕ್ಕೆಂದು ನಾನು ಕೊಟ್ಟ ಗುಳಿಗೆ ನುಂಗುತ್ತ ಮಗು ಕೊಂಚ ಚೇತರಿಸಿಕೊಂಡರೂ ಭೇದಿ ಪೂರ್ತಿ ನಿಲ್ಲಲಿಲ್ಲ. ಅಜ್ಜಿಯೇ ಕದ್ದು ಏನೋ ತಿನ್ನಿಸುತ್ತಾಳೆಂದು ರೋಗಿಗಳ ಎದುರಿಗೇ ಅಂದುಬಿಟ್ಟೆ. ಅವಳು ಕಣ್ಣೊರೆಸಿಕೊಂಡು ಎದ್ದುಹೋದಳು.

ಮರುವಾರ ಬಂದವಳು ಅಂಗೈ ಬಿಚ್ಚಿದಳು. ಹುಣಸೆಬೀಜದಷ್ಟು ಮುದ್ದೆ, ಎಳೆದರೆ ಹಿಗ್ಗುತ್ತಿತ್ತು. ಮನೆಯಲ್ಲಿದ್ದ ಹಿಟ್ಟನ್ನೆಲ್ಲ ತೊಳೆದು ನೋಡಿ, ಏನೂ ಸಿಗದೆ, ಕೊನೆಗೆ ನಾನು ಕೊಟ್ಟ ಶಕ್ತಿಗುಳಿಗೆಗಳನ್ನು ಅರೆದು ತೊಳೆದಿದ್ದಳು. ಗುಳಿಗೆ ಪುಡಿಯಾಗದಿರಲೆಂದು ಮೈದಾ ಬೆರೆಸಿ ಉಂಡೆ ಕಟ್ಟಿದವನು ನಾನೇ. ಅವನ್ನು ನಿಲ್ಲಿಸಿದ ನಾಲ್ಕೇ ದಿನಕ್ಕೆ ಭೇದಿ ನಿಂತಿತ್ತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇವತ್ತಿಗೂ ನೆನೆದರೆ ಮುಖ ಬಿಸಿಯಾಗುತ್ತದೆ.

ಅಜ್ಜಿ ನನ್ನನ್ನು ಬೈಯಲಿಲ್ಲ. ಡಾಕ್ಟರ ಕಡೆ ತಿರುಗಿ ಹೇಳಿದಳು:

"ಕೂಸಿಗೆ ಕದ್ದು ಗೋಧಿ ತಿನ್ನಿಸೋರು ಸಿಕ್ಕಿದ್ರು ಸ್ವಾಮಿ. ಊಟ ಆದ್ಮೇಲೆ ದಿನಾ ಮೂರು ಹೊತ್ತು ಕೊಡಿ ಅಂತ ಚೀಟೀನೂ ಬರೆದುಕೊಟ್ಟಾರೆ."