ನಗು ಹೊಲಿದವಳ ಅಹವಾಲು

ಸಾಂಕ್ರಾಮಿಕ ರೋಗ ತಡೆಯುವ ಸಕಲ ವಿಶೇಷಾಧಿಕಾರಗಳನ್ನೂ ಒಂದೇ ಹೆಗಲ ಮೇಲೆ ಹೊತ್ತು ದಣಿಯದಿರುವ ನಮ್ಮ ಊರಿನ ಮುಖ್ಯ ಆರೋಗ್ಯಾಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವಾಗಿರುವುದನ್ನು ಪತ್ರಿಕೆಯಲ್ಲಿ ಅಚ್ಚಾದ ಭಾವಚಿತ್ರದಿಂದ ತಿಳಿದು ಸಂತೋಷಪಟ್ಟೆ. ಆ ಚಿತ್ರಕ್ಕಾಗಿ ತಾವು ಮಾಸ್ಕ್ ತೆಗೆದಿದ್ದರಿಂದ, ಎಷ್ಟೋ ತಿಂಗಳ ಮೇಲೆ ಸರ್ಕಾರದ ಬಾಯಿಯೊಂದನ್ನು ಕಣ್ಣಾರೆ ಕಾಣುವ ಭಾಗ್ಯವೂ ನನ್ನದಾಯಿತು. ಬೀದಿ ಮುಚ್ಚುವ, ಅಂಗಡಿಗೆ ಬೀಗ ಜಡಿಯುವ, ಬದುಕಿರುವವರನ್ನು ಒಯ್ಯುವ ಮತ್ತು ಸತ್ತವರನ್ನು ಕೊಡದಿರುವ ಅಧಿಕಾರಗಳೆಲ್ಲ ತಮ್ಮ ಒಂದೇ ಸಹಿಯೊಳಗೆ ಹೇಗೆ ಹಿಡಿಸಿದವು ಎಂದು ನಮ್ಮ ಬೀದಿಯವರು ಇಂದಿಗೂ ಬೆರಗಾಗುತ್ತಾರೆ. ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಖಾಸಗಿಯಾಗಿ ಬರೆದವು ತಮ್ಮ ಕಚೇರಿಯಲ್ಲಿ ಕ್ವಾರಂಟೈನ್ ಆಗಿವೆ, ಇನ್ನೂ ಹೊರಗೆ ಬಿಟ್ಟಿಲ್ಲ.

ನಾನು ತಮ್ಮ ಕಚೇರಿಯ ಹಿಂದಿನ ಬೀದಿಯ ಮೂಲೆಯಲ್ಲಿರುವ ಟೈಲರ್ ಅಂಗಡಿಯವಳು. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ನನ್ನ ಎರಡೂ ಕಿವಿಗಳನ್ನು ತೆಗೆದುಕೊಂಡು ಹೋಯಿತು, ಆದ್ದರಿಂದ ಅಂಟುರೋಗವೆಂಬುದೇ ಬರೀ ಬುರುಡೆ ಎಂದು ಮೊಬೈಲಿನಲ್ಲಿ ವಾದಿಸುವವರ ಗುಂಪಿಗೆ ದಯವಿಟ್ಟು ನನ್ನನ್ನು ಸೇರಿಸಬೇಡಿ. ಅಂದಿನಿಂದ ಎದುರಿಗಿರುವವರ ತುಟಿ ನೋಡಿ ಮಾತು ತಿಳಿಯುತ್ತೇನೆ. ನನಗೆ ಓದಲು ಅಡ್ಡವಾಗುತ್ತದೆಂದು ನಮ್ಮಪ್ಪ ತಮ್ಮ ಹುರಿಮೀಸೆಯನ್ನು ಬೋಳಿಸಿದವರು ಮತ್ತೆ ಬೆಳೆಸಲೇ ಇಲ್ಲ. ಅಂಗಡಿಯಲ್ಲಿ ಕತ್ತರಿ ಮತ್ತು ಮಿಷನ್ನು ನನ್ನವು, ಕಾಜಾ ಅಪ್ಪನದು. ಎಂದರೆ ಗುಂಡಿ ತೂರುವ ಸೀಳಿನ ಸುತ್ತ ಕೈಯಲ್ಲೇ ದಾರ ಹೆಣೆಯುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ತಮಗೂ ನೆನಪಿರಬಹುದು: ನೀಲಿ ಕೋಟಿಗೆ ಅಳತೆ ಕೊಡಲು ಬಂದಾಗ ತಾವು ಫೋನಿನಲ್ಲಿ ಮುಖ ಹುದುಗಿಸಿಕೊಂಡೇ ಮಾತಾಡಿದಿರಿ, ಅಪ್ಪ ಅದನ್ನೆಲ್ಲ ನನ್ನತ್ತ ತಿರುಗಿ ಇನ್ನೊಮ್ಮೆ ಹೇಳಿದರು.

ಎಲ್ಲರೂ ಬಾಯಿ ಮುಚ್ಚಿಕೊಳ್ಳಬೇಕೆಂಬ ತಮ್ಮ ಆದೇಶ ಬಂದ ದಿನ ನಾನು ಎರಡನೇ ಸಲ ಕಿವುಡಿಯಾದೆ. ಹಾಗೆಂದು ಆದೇಶ ಮುರಿಯಲಿಲ್ಲ; ಮೂಗು ಬಾಯಿ ಮುಚ್ಚಿಕೊಂಡೇ ಅಂಗಡಿಯ ಬಾಗಿಲಲ್ಲಿ ನಿಂತಿದ್ದೆ. ಆಗ ತಮ್ಮ ಧ್ವನಿವರ್ಧಕದ ವ್ಯಾನು ಬಂತು, ಪಕ್ಕದ ಮನೆಯ ಮಕ್ಕಳ ಜೊತೆ ನಾನೂ ಅದಕ್ಕೆ ಕೈಬೀಸಿದೆ. ಎಲ್ಲರೂ ಕೂಡಲೇ ಒಳಗೆ ಹೋಗಬೇಕೆಂದು ಅದು ಕೂಗುತ್ತಿತ್ತಂತೆ. ಸರ್ಕಾರಕ್ಕೆ ಕೈಬೀಸಿದ ಅಪರಾಧಕ್ಕೆ ದಂಡ ಹಾಕಲು ಬಂದ ಇನ್‌ಸ್ಪೆಕ್ಟರರು ಬಟ್ಟೆಯ ಹಿಂದಿನಿಂದ ಬಹಳ ಹೊತ್ತು ಬುದ್ಧಿ ಹೇಳಿದರು. ಆ ಬುದ್ಧಿವಾದ ಉತ್ತಮವಾಗಿಯೇ ಇದ್ದಿರಬೇಕು.

ಆಮೇಲೆ ತಮ್ಮ ಕೃಪಾದೃಷ್ಟಿ ನನ್ನ ಹೊಲಿಗೆ ಮಿಷನ್ನಿನ ಮೇಲೆ ಬಿತ್ತು. ವಿಶೇಷಾಧಿಕಾರದ ಮೇರೆಗೆ ನಾನು ಬೇರೆಲ್ಲ ಕೆಲಸ ಬದಿಗಿಟ್ಟು ಇಲಾಖೆಗೆ ಮಾಸ್ಕ್ ಹೊಲಿಯಬೇಕೆಂದು ಅಪ್ಪಣೆಯಾಯಿತು. ಸಿಬ್ಬಂದಿಯನ್ನು ಕಂಡರೆ ಜನ ಹೆದರುತ್ತಾರೆಂದು, ತಿಳಿನೀಲಿ ಬಟ್ಟೆಯ ಮೇಲೆ ಬಾಯಿಯ ಜಾಗದಲ್ಲಿ ಕೆಂಪು ದಾರದ ನಗುವೊಂದನ್ನು ಹೊಲಿಯುವುದು ತಮ್ಮದೇ ಕಲ್ಪನೆಯೆಂದು ಕೇಳಿದ್ದೇನೆ. ಎಂಥ ಉಪಾಯ! ಕಣ್ಣು ಗದರುತ್ತಿದ್ದರೂ ಬಾಯಿ ನಗುತ್ತಿರುವ ಆಡಳಿತವನ್ನು ಅಷ್ಟು ಅಗ್ಗವಾಗಿ ಬೇರೆ ಯಾರು ತಯಾರಿಸಿಯಾರು? ಕೆಲವಕ್ಕಾದರೂ ನಗುವಿನ ಬದಲು ಪಾರದರ್ಶಕ ಪ್ಲಾಸ್ಟಿಕ್ಕಿನ ಕಿಟಕಿ ಇಡುತ್ತೇನೆ, ನನ್ನಂಥವರಿಗೆ ತುಟಿ ಕಾಣುತ್ತದೆ, ರೋಗವೂ ದಾಟುವುದಿಲ್ಲ ಎಂದು ಒಂದು ಮಾದರಿ ಹೊಲಿದು ಕಳಿಸಿದೆ. ಇಲಾಖೆಯ ಮಾದರಿಯಲ್ಲಿಲ್ಲದ ಕಿಟಕಿಗೆ ಅವಕಾಶವಿಲ್ಲ, ನಗು ಎಲ್ಲೆಡೆ ಒಂದೇ ಅಳತೆಯಲ್ಲಿರತಕ್ಕದ್ದು ಎಂದು ಉಗ್ರಾಣದವರು ಬರೆದು ತಿಳಿಸಿದರು. ನಾನು ನಗು ಹೊಲಿಯುತ್ತಾ ಕುಳಿತೆ.

ಅಷ್ಟರಲ್ಲಿ ಅಪ್ಪನಿಗೆ ಜ್ವರ ಬಂತು, ತಮ್ಮವರು ಬಂದು ವಾರ್ಡಿಗೆ ಕರೆದೊಯ್ದರು. ದೂರು ಹೇಳುತ್ತಿಲ್ಲ, ಒಯ್ಯಬೇಕಾದದ್ದೇ. ವಾರ್ಡಿನ ಗಾಜಿನ ಕಿಟಕಿಯ ಈಚೆ ನಾನು ನಿಲ್ಲುತ್ತಿದ್ದೆ, ಆಚೆ ಬಂದು ಅವರು ಮಾಸ್ಕ್ ಕೆಳಗಿಳಿಸಿ ಮಾತಾಡುತ್ತಿದ್ದರು, ಹಿಂದಿನಿಂದ ಯಾರೋ ಬಂದು ಅದನ್ನು ಮೇಲೆಳೆಯುತ್ತಿದ್ದರು. ಕೊನೆಯ ಸಲ ನಾನು ಪೂರ್ತಿ ಓದಿದ ಮಾತು ಇಷ್ಟು: "ಆ ನೀಲಿ ಕೋಟಿಗೆ ಕಾಜಾ ಬಾಕಿ ಇದೆ. ನೀನು ಮುಟ್ಬೇಡ ಕಣಮ್ಮ, ಕೆಡಿಸಿಬಿಡ್ತೀಯ. ನಾನೇ ಬಂದು ಹಾಕ್ತೀನಿ."

ಮರುದಿನ ವಾರ್ಡಿನ ಗೇಟಿನಲ್ಲಿ ತಮ್ಮ ಅಧಿಕಾರಿಯೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ಅವರ ಮುಖದ ಮೇಲಿದ್ದ ನಗು ನಾನೇ ಹೊಲಿದದ್ದು. ಬಲತುದಿಯನ್ನು ಒಂದು ಹೊಲಿಗೆಯಷ್ಟು ಮೇಲಕ್ಕೆಳೆಯುವುದು ನಮ್ಮ ಮಿಷನ್ನಿನ ಹಳೇ ಚಾಳಿ. ಅವರು ಏನೇನೋ ಹೇಳಿದರು, ನಗು ಅಲ್ಲಾಡಿತು. ನನಗೆ ಕಿವಿ ಕೇಳಿಸುವುದಿಲ್ಲವೆಂದು ಸನ್ನೆ ಮಾಡಿದೆ, ಅವರು ಇನ್ನೂ ಜೋರಾಗಿ ಹೇಳಿದರೆಂದು ಕಾಣುತ್ತದೆ, ಏಕೆಂದರೆ ನಗು ಇನ್ನೂ ಜೋರಾಗಿ ಅಲ್ಲಾಡಿತು. ಕೊನೆಗೆ ಅವರು ಗೇಟಿನಿಂದಾಚೆ ಕೈ ತೋರಿಸಿದರು. ಅಪ್ಪ ಗುಣವಾಗಿದ್ದಾರೆ, ಮನೆಗೆ ಹೋಗಿ ಕಾಯಿ ಎನ್ನುತ್ತಿದ್ದಾರೆಂದು ತಿಳಿದು, ನಾನೂ ನಕ್ಕು ತಲೆಯಾಡಿಸಿ ಅಂಗಡಿಗೆ ಬಂದೆ. ಅಪ್ಪನ ಸ್ಟೂಲು ಒರೆಸಿದೆ, ಸೂಜಿಗೆ ದಾರ ಪೋಣಿಸಿಟ್ಟೆ.

ಸಂಜೆ ವ್ಯಾನು ಬಂತು. ಈ ಸಲ ನಾನು ಕೈಬೀಸದೆ, ಕಲಿತ ಪಾಠದಂತೆ ಹೊಸ್ತಿಲೊಳಗೇ ನಿಂತೆ. ಟೈಲರ್ ಅಂಗಡಿಯ ಹಿರಿಯರು ತೀರಿಕೊಂಡಿರುವುದರಿಂದ ಬೀದಿಯನ್ನು ಮುಚ್ಚಲಾಗಿದೆ ಎಂದು ಅದು ಸಾರುತ್ತಿತ್ತಂತೆ. ಬೀದಿಗೆ ಬೀದಿಯೇ ಕೇಳಿಸಿಕೊಂಡಿತು, ನನ್ನೊಬ್ಬಳನ್ನು ಬಿಟ್ಟು. ಎಲ್ಲರೂ ನನ್ನತ್ತ ನೋಡುತ್ತಿದ್ದರು, ನಾನು ಅವರ ಕಡೆ ನೋಡಿ ನಗುತ್ತಿದ್ದೆ. ಎದುರಂಗಡಿಯ ಇಸ್ತ್ರಿ ಅಕ್ಕನಿಗೆ ಅದನ್ನು ನೋಡಲಾಗಲಿಲ್ಲ. ಬೀದಿಯ ಆಚೆ ಬದಿಯಲ್ಲೇ ನಿಂತು ಮಾಸ್ಕ್ ಕೆಳಗೆಳೆದು, ಒಂದೊಂದೇ ಮಾತನ್ನು ಬಾಯಿ ಬಿಡಿಸಿ ಹೇಳಿದರು: "ಅಪ್ಪ ಹೋಗ್ಬಿಟ್ರು ಕಣೇ. ನಿಂಗೆ ಯಾರೂ ಹೇಳ್ಲಿಲ್ವಾ?"

ಹೇಳಿದ್ದರು. ವಿಚಾರಿಸಿದಾಗ ತಮ್ಮವರು ಚೀಟಿ ಬರೆದು ತಿಳಿಸಿದಂತೆ, ಸಾವಿನ ಸುದ್ದಿಯನ್ನು ಗೇಟಿನಲ್ಲೇ ಸ್ಪಷ್ಟವಾಗಿ ತಿಳಿಸಲಾಗಿತ್ತು, ದೂರದಲ್ಲಿ ನಿಂತು ಕೊನೆಯ ಬಾರಿ ನೋಡಲು ಅನುಮತಿಯನ್ನೂ ನೀಡಲಾಗಿತ್ತು, ಮಗಳು ನಗುತ್ತಾ ಹೊರಟುಹೋದಳು. ಮಣ್ಣು ಮಾಡುವ ಕೆಲಸವನ್ನು ಇಲಾಖೆಯೇ ಮುಗಿಸಿತು. ನನಗೆ ಹೊಟ್ಟೆ ಉರಿಯುತ್ತದೆ ಮಾನ್ಯರೇ, ಇದನ್ನು ವಿನಯದಿಂದ ಹೇಳುವ ಬಗೆ ನನಗೆ ಗೊತ್ತಿಲ್ಲ.

ಆದರೂ ಇಲಾಖೆಯ ಏಳಿಗೆಗಾಗಿ ಕೆಲವು ಬಿನ್ನಹಗಳಿವೆ. ಇಷ್ಟೊಂದು ಕೆಲಸ ಮಾಡಿದ ಆ ಕೆಂಪು ನಗುವಿಗೇ ವಿಶೇಷಾಧಿಕಾರಗಳನ್ನು ವಹಿಸಿಕೊಟ್ಟು ತಾವು ವಿಶ್ರಾಂತಿ ಪಡೆಯಬಹುದು. ವ್ಯತ್ಯಾಸ ಯಾರಿಗೂ ತಿಳಿಯದು. ಸಾವಿನ ಸುದ್ದಿ ಹೇಳುವವರಿಗೆ ಅದೇ ನಗುವನ್ನು ತಲೆಕೆಳಗಾಗಿ ಹೊಲಿದುಕೊಡಬಲ್ಲೆ, ಅಳತೆ ಒಂದು ನೂಲೂ ಬದಲಾಗುವುದಿಲ್ಲ. ಕಿವುಡರಿಗೆ ತಗಲದ ಹಾಗೆ ರೋಗಕ್ಕೇ ಒಂದು ಆದೇಶ ಹೊರಡಿಸಿದರೆ ಇನ್ನೂ ಒಳ್ಳೆಯದು. ಹೇಗೂ ರೋಗಕ್ಕೂ ಕಿವಿಯಿಲ್ಲ, ತಮ್ಮ ವ್ಯಾನು ಕೂಗಿದ್ದು ನನಗೆ ತಿಳಿದಷ್ಟೇ ಅದಕ್ಕೂ ತಿಳಿದೀತು.

ಇವೆಲ್ಲ ಆಗದಿದ್ದರೂ ಇದೊಂದು ಆಗಲೇಬೇಕು. ಮುಚ್ಚಿದ ಬೀದಿಯಲ್ಲಿ ಬೇಕೆಂದೇ ಬಾಯಿ ತೆರೆದು ಸೋಂಕು ಹರಡಲೆತ್ನಿಸಿದರೆಂದು ಇಸ್ತ್ರಿ ಅಕ್ಕನ ಮೇಲೆ ತಾವು ಮೊಕದ್ದಮೆ ಹೂಡಿದ್ದೀರಿ, ಅವರ ಅಂಗಡಿಗೆ ಬೀಗ ಹಾಕಿಸಿದ್ದೀರಿ, ಬರುವ ವಾರ ಅವರು ಕಟಕಟೆ ಹತ್ತಬೇಕು. ಅವರ ಬಾಯಿಂದ ನನಗೆ ಅಂಟಿದ್ದು ಸುದ್ದಿ ಮಾತ್ರ, ಅದನ್ನು ಮುಟ್ಟಿಸುವುದು ತಮ್ಮ ಕೆಲಸವಾಗಿತ್ತು. ಮೊಕದ್ದಮೆ ಹಿಂತೆಗೆದುಕೊಳ್ಳಿ. ಇಲ್ಲವಾದರೆ ಕಟಕಟೆಯಲ್ಲಿ ಅವರ ಪಕ್ಕ ನಾನೂ ನಿಲ್ಲುತ್ತೇನೆ, ನ್ಯಾಯಾಧೀಶರೂ ಸೇರಿ ಎಲ್ಲರೂ ತಮ್ಮ ಪ್ರಶ್ನೆಗಳನ್ನು ನನಗೆ ಬಾಯಿ ತೋರಿಸಿಯೇ ಕೇಳಬೇಕಾಗುತ್ತದೆ. ಆಮೇಲೆ ಯಾರ್ಯಾರ ಮೇಲೆ ಮೊಕದ್ದಮೆ ಹೂಡುವಿರೋ ತಾವೇ ಯೋಚಿಸಿ.

ಆದೇಶಗಳನ್ನು ಕೇಳದೆಯೂ ಪಾಲಿಸುತ್ತಾ ಬಂದಿರುವ,

ತಮ್ಮ ವಿಶ್ವಾಸಿ,
ಮೂಲೆ ಅಂಗಡಿಯ ಟೈಲರ್

ತಾ.ಕ.: ತಮ್ಮ ಉತ್ತಮ ಸೇವೆಗೆ ಪದಕ ಕೊಡುವ ಸಮಾರಂಭವಿದೆಯೆಂದು ಜವಾನರು ಬಂದು ನೀಲಿ ಕೋಟು ಕೇಳಿದರು. ಕೋಟು ಸಿದ್ಧವಿದೆ, ಕಳಿಸಿದ್ದೇನೆ. ಗುಂಡಿಗಳಿವೆ, ಕಾಜಾಗಳಿಲ್ಲ, "ನಾನೇ ಬಂದು ಹಾಕ್ತೀನಿ" ಎಂದವರು ತಮ್ಮ ವಶದಲ್ಲಿದ್ದಾರೆ. ವೇದಿಕೆಯ ಮೇಲೆ ಎರಡೂ ಕೈಗಳಿಂದ ಮುಂಭಾಗವನ್ನು ಹಿಡಿದುಕೊಂಡು ನಿಂತು ಭಾಷಣ ಮಾಡಿ. ನಾನು ಮುಂದಿನ ಸಾಲಿನಲ್ಲಿ ಕೂತಿರುತ್ತೇನೆ, ತಮ್ಮ ತುಟಿ ನೋಡುತ್ತಾ.