ಹೊಸತೊಡಕಿನ ದಿನ ನಾನು ಕುಯ್ಯದ ಹುಂಜ

ತಿನ್ನುವುದರಲ್ಲಿ ಶೂರರಾಗಿದ್ದು ಮಿಕ್ಕೆಲ್ಲದರಲ್ಲೂ ಪುಕ್ಕಲರಾಗಿರುವವರು ಸೇರಿ ಒಂದು ಸಂಘ ಕಟ್ಟಿದರೆ, ಅದರ ಅಧ್ಯಕ್ಷನಾಗಿ ನಾನು ಅವಿರೋಧವಾಗಿ ಆಯ್ಕೆಯಾಗುತ್ತೇನೆ. ಬಾಡೂಟದ ವಿಷಯದಲ್ಲಿ ನನ್ನ ಪಾಂಡಿತ್ಯ ಸಣ್ಣದಲ್ಲ. ಸಾರಿನ ವಾಸನೆ ಹಿಡಿದು ಅದು ನಾಟಿ ಕೋಳಿಯೋ ಫಾರಂ ಕೋಳಿಯೋ ಎಂದು ಗೇಟಿನ ಹತ್ತಿರವೇ ಹೇಳಬಲ್ಲೆ. ನಲ್ಲಿ ಮೂಳೆಯನ್ನು ಸದ್ದಿಲ್ಲದೆ ಹೀರುವ ವಿದ್ಯೆಯನ್ನು ನಾಲ್ಕಾರು ಜನಕ್ಕೆ ಕಲಿಸಿದ್ದೇನೆ. ಆದರೆ ಭಾನುವಾರ ಬೆಳಿಗ್ಗೆ ತುಮಕೂರಿನ ನಮ್ಮ ಬಡಾವಣೆಯ ಕೋಳಿ ಅಂಗಡಿಯ ಮುಂದೆ ನಿಂತಾಗ, ಅಂಗಡಿಯವನು ಪಂಜರದೊಳಗೆ ಕೈ ಹಾಕಿದ ಕೂಡಲೇ ನನಗೆ ಲೋಕದ ಬೇರೆಲ್ಲ ವಿಷಯಗಳಲ್ಲಿ ಆಸಕ್ತಿ ಹುಟ್ಟಿಬಿಡುತ್ತದೆ. ಎದುರಿಗೆ ಕಟ್ಟಿರುವ ಫ್ಲೆಕ್ಸಿನಲ್ಲಿ ಯಾರೋ ಮುಖಂಡರಿಗೆ ಹುಟ್ಟುಹಬ್ಬದ ಶುಭಾಶಯ ಕೋರಿರುವ ಅಷ್ಟೂ ಜನರ ಹೆಸರನ್ನು ಮೇಲಿನಿಂದ ಕೆಳಗಿನವರೆಗೆ ಓದುತ್ತೇನೆ. ಹೀಗೆ ಓದಿ ಓದಿ ನಮ್ಮ ವಾರ್ಡಿನ ಹಿತೈಷಿಗಳೆಲ್ಲ ನನಗೆ ಬಾಯಿಪಾಠವಾಗಿದ್ದಾರೆ. "ಸಾರ್, ಆಯ್ತು" ಎಂದು ಅವನು ಕಪ್ಪು ಕವರು ಚಾಚಿದ ಮೇಲೆಯೇ ನಾನು ತಿರುಗುವುದು. ಪಂಜರದಲ್ಲಿ ಇದ್ದದ್ದು ಕೋಳಿ, ಕವರಿನಲ್ಲಿ ಇರುವುದು ಚಿಕನ್. ಇವೆರಡಕ್ಕೂ ಏನೋ ಸಂಬಂಧವಿದೆ ಎಂಬುದನ್ನು ನಾನು ನಲವತ್ತೇಳು ವರ್ಷ ಬಹಳ ಜಾಣತನದಿಂದ ಮರೆತುಕೊಂಡು ಬಂದಿದ್ದೆ.

ನೆನಪಿಸಿದವನು ರುದ್ರಪ್ಪ. ತುಮಕೂರಿಗೆ ಅಂಟಿಕೊಂಡಿರುವ ಸತ್ಯಮಂಗಲದಲ್ಲಿ ಪ್ಲಾಸ್ಟಿಕ್ ಪೈಪು ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಸ್ಟೋರ್ಸ್ ನೋಡಿಕೊಳ್ಳುತ್ತೇನೆ, ರುದ್ರಪ್ಪ ಲಾರಿಗೆ ಮಾಲು ಹತ್ತಿಸುವುದನ್ನು ನೋಡಿಕೊಳ್ಳುತ್ತಾನೆ. ಚೇಳೂರಿನವನು. ಹಣೆಯ ಮೇಲೆ ಮೂರು ಗೆರೆ ವಿಭೂತಿ. ಈರುಳ್ಳಿ ಬೆಳ್ಳುಳ್ಳಿಯಿಂದಾಚೆಗೆ ಯಾವ ಪಾಪವನ್ನೂ ತಿಂದವನಲ್ಲ. ವರ್ಷಗಳಿಂದ ಎದುರುಬದುರು ಕೂತು ಊಟ ಮಾಡುತ್ತೇವೆ. ನನ್ನ ಡಬ್ಬಿಯಲ್ಲಿ ಚಾಪ್ಸ್ ಇದ್ದ ದಿನ ಅವನು ಎದ್ದು ಹೋಗುವುದಿಲ್ಲ, ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿಕೊಳ್ಳುತ್ತಾನೆ, ಅಷ್ಟೆ. ಯುಗಾದಿಗೆ ಒಂದು ವಾರವಿದ್ದಾಗ ಅವನು ಹಾಗೆ ಕುರ್ಚಿ ಸರಿಸಿಕೊಂಡು ಕೇಳಿದ. "ಬೇಜಾರ್ ಮಾಡ್ಕೋಬೇಡಿ. ಇಷ್ಟೊಂದು ತಿಂತೀರಲ್ಲ, ಒಂದ್ ದಿನನಾದ್ರೂ ನಿಮ್ ಕೈಯಾರೆ ಕುಯ್ದಿದೀರಾ?"

ನನಗೆ ಸಿಟ್ಟು ಬಂತು. ಉತ್ತರ ಗೊತ್ತಿಲ್ಲದ ಪ್ರಶ್ನೆಗಿಂತ ಉತ್ತರ ಗೊತ್ತಿರುವ ಪ್ರಶ್ನೆಗೆ ನನಗೆ ಬೇಗ ಸಿಟ್ಟು ಬರುತ್ತದೆ. "ನೀನು ಪ್ಯಾಂಟ್ ಹಾಕ್ತೀಯಲ್ಲ, ನೀನೇ ಹೊಲ್ಕೊಂಡಿದೀಯಾ?" ಎಂದೆ. ರುದ್ರಪ್ಪ ನಿಧಾನವಾಗಿ ಮಜ್ಜಿಗೆ ಕಲಸಿಕೊಂಡ. "ಪ್ಯಾಂಟ್ ಬುಡಿ. ರಜ ಬಂದ್ರೆ ಊರ್ಗೋಗಿ ರಾಗಿ ಕುಯ್ತೀನಿ, ಕಾಯಿ ಸುಲೀತೀನಿ. ಮನೇಲಿ ಈರುಳ್ಳಿ ಹೆಚ್ಚೋನೂ ನಾನೇ. ಹೆಚ್ಚೋವಾಗ ಅದಕ್ಕೋಸ್ಕರ ಕಣ್ಣೀರೂ ಹಾಕ್ತೀನಿ. ನೀವು ಕೋಳಿಗೆ ಒಂದ್ ಹನಿ ಹಾಕಿದೀರಾ?" ಸುತ್ತ ಕೂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಗುಬ್ಬಿಯಲ್ಲಿ ತೆಂಗಿನ ತೋಟವಿರುವ ಮನೆಯಲ್ಲಿ ಹುಟ್ಟಿಯೂ ಒಂದು ಕಾಯಿ ಸುಲಿಯಲು ಇಂದಿಗೂ ಆಳು ಹುಡುಕುವವನು ನಾನು. ಆ ಅವಮಾನವೂ ಸೇರಿಕೊಂಡು ಎದ್ದು ನಿಂತುಬಿಟ್ಟೆ. "ಈ ಹೊಸತೊಡಕಿಗೆ ಅತ್ತೆ ಮನೆ ಹುಂಜ ನಾನೇ ಕುಯ್ತೀನಿ. ಕುಯ್ಲಿಲ್ಲ ಅಂದ್ರೆ ಅವತ್ತಿಂದ ಬಾಡು ಮುಟ್ಟಲ್ಲ!" ಇಷ್ಟಕ್ಕೆ ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಸಂಜೆ ಮನೆಗೆ ಹೋಗಿ ಅದೇ ಪ್ರತಿಜ್ಞೆಯನ್ನು ಹೆಂಡತಿ ಸುಧಾಳ ಮುಂದೆಯೂ ಎದೆಯುಬ್ಬಿಸಿ ಒಪ್ಪಿಸಿದೆ. ಅವಳು ಬೆಳ್ಳುಳ್ಳಿ ಬಿಡಿಸುತ್ತಿದ್ದವಳು ತಲೆಯೆತ್ತದೆ, "ನೆನಪಿಟ್ಕೋತೀನಿ" ಎಂದಳು.

ಹೊಸತೊಡಕೆಂದರೆ ಯುಗಾದಿಯ ಮಾರನೆಯ ದಿನ. ಹಬ್ಬದ ದಿನ ಬೇವು ಬೆಲ್ಲ, ಒಬ್ಬಟ್ಟು ಎಂದು ಸಾಧುಗಳ ಹಾಗಿದ್ದವರೆಲ್ಲ ಅಂದು ಬೆಳಗಾಗುತ್ತಲೇ ಬಾಡಿನ ಹಿಂದೆ ಬೀಳುತ್ತಾರೆ. ಆ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ನಡೆಯುತ್ತದೆ ಎಂದು ನಂಬಿಕೆ. ಆದ್ದರಿಂದ ಅಂದು ಯಾರೂ ಸಾಲ ಕೇಳುವುದಿಲ್ಲ, ಜಗಳ ಆಡುವುದಿಲ್ಲ, ಸಪ್ಪೆ ಊಟ ಮಾಡುವುದಿಲ್ಲ. ನನ್ನ ಅತ್ತೆಯ ಊರು ಕುಣಿಗಲ್ ಕೆರೆಯಿಂದ ಸ್ವಲ್ಪ ದೂರದ ಒಂದು ಹಳ್ಳಿ. ಅಲ್ಲಿ ಪ್ರತಿ ವರ್ಷ ಹುಂಜ ಕುಯ್ಯುತ್ತಿದ್ದವನು ಸುಧಾಳ ತಮ್ಮ. ಈ ಸಲ ಅವನು ಹೆಂಡತಿಯ ತವರಿಗೆ ಹಬ್ಬಕ್ಕೆ ಹೋಗಿದ್ದ. ಸುಧಾ ಮತ್ತು ಮಗಳು ಹತ್ತು ಗಂಟೆಯ ಬಸ್ಸಿಗೆ ಬರುವುದೆಂದೂ, ನಾನು ಬೆಳಿಗ್ಗೆಯೇ ಬೈಕಿನಲ್ಲಿ ಹೋಗಿ ಹುಂಜದ ಕೆಲಸ ಮುಗಿಸಿಟ್ಟಿರುವುದೆಂದೂ ತೀರ್ಮಾನವಾಯಿತು.

ಹೋಗುವಷ್ಟರಲ್ಲಿ ಊರಿನ ಗಂಡಸರೆಲ್ಲ ಗುಡ್ಡೆ ಬಾಡಿಗೆಂದು ತೋಪಿಗೆ ಹೋಗಿದ್ದರು. ಹತ್ತು ಮನೆಯವರು ಸೇರಿ ಒಂದು ಮರಿ ಕಡಿದು, ಎಲೆಯ ಮೇಲೆ ಸಮಸಮ ಗುಡ್ಡೆ ಹಾಕಿ ಪಾಲು ಮಾಡಿಕೊಳ್ಳುವ ಕೆಲಸ, ಬೇಗ ಮುಗಿಯುವಂಥದ್ದಲ್ಲ. ಅತ್ತೆ ಒಬ್ಬರೇ ಇದ್ದರು. ಒಲೆಯ ಮೇಲೆ ಹಂಡೆಯಲ್ಲಿ ನೀರು ಕುದಿಯುತ್ತಿತ್ತು. "ಬಂದ್ರಾ ಅಳಿಯಂದ್ರೇ? ಖಾರ ರುಬ್ಬಿ ಮಡಗಿದ್ದೀನಿ. ಒಸಿ ಬೇಗ ಕುಯ್ದುಕೊಡಿ" ಎಂದು ಹಿತ್ತಲಿನ ಮಂಕರಿ ಎತ್ತಿ, ಕೆಳಗಿದ್ದ ಹುಂಜವನ್ನು ಹಿಡಿದು ನನ್ನ ಕೈಗೆ ಕೊಟ್ಟು, ಪಕ್ಕದಲ್ಲೊಂದು ಚಾಕು ಇಟ್ಟು ಒಳಗೆ ಹೋದರು.

ನಾನು ತಯಾರಿಯಿಲ್ಲದೆ ಹೋದವನಲ್ಲ. ಯೂಟ್ಯೂಬಿನಲ್ಲಿ ನಾಲ್ಕು ವಿಡಿಯೊ ನೋಡಿದ್ದೆ. ಎಲ್ಲದರಲ್ಲೂ, ಮೊದಲು ಕೋಳಿಯನ್ನು ಸಮಾಧಾನ ಮಾಡಿ ಎಂದಿದ್ದರು. ಕುಯ್ಯುವವನನ್ನು ಯಾರು ಸಮಾಧಾನ ಮಾಡಬೇಕೆಂದು ಒಂದರಲ್ಲೂ ಹೇಳಿರಲಿಲ್ಲ. ಹುಂಜವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕತ್ತು ಸವರಿದೆ. ಕುಯ್ಯುವ ಮುಂಚೆ ಬಾಯಿಗೆ ನೀರು ಬಿಡಬೇಕೆಂದು ಕೇಳಿದ್ದು ನೆನಪಾಗಿ ನೀರು ಕುಡಿಸಿದೆ. ಬರೀ ನೀರು ಕೊಟ್ಟರೆ ಏನಂದುಕೊಂಡೀತು ಎಂದು ನಾಲ್ಕು ಕಾಳು ರಾಗಿ ಹಾಕಿದೆ. ರಾಗಿ ಗಂಟಲಿಗೆ ಸಿಕ್ಕೀತೆಂದು ಇನ್ನಷ್ಟು ನೀರು ಕೊಟ್ಟೆ. ಒಂದು ಕಣ್ಣನ್ನು ನನ್ನ ಕಡೆ ತಿರುಗಿಸಿ ಅದು ನನ್ನನ್ನೇ ನೋಡಿತು. ಫ್ಲೆಕ್ಸ್ ಹುಡುಕೋಣವೆಂದರೆ ಹಿತ್ತಲಿನಲ್ಲಿ ನುಗ್ಗೆ ಮರವೊಂದನ್ನು ಬಿಟ್ಟು ಓದುವಂಥದ್ದೇನೂ ಇರಲಿಲ್ಲ. ಚಾಕು ಎತ್ತಿಕೊಂಡೆ, ಅಲಗು ಒರೆಸಿ ಇಟ್ಟೆ. ಮತ್ತೆ ಎತ್ತಿಕೊಂಡೆ. ಅರ್ಧ ಗಂಟೆಯ ನಂತರ ಅತ್ತೆ ಬಂದು ನೋಡಿದಾಗ ಹುಂಜ ನನ್ನ ತೊಡೆಯ ಮೇಲೆ ಆರಾಮಾಗಿ ತೂಕಡಿಸುತ್ತಿತ್ತು.

"ಯಾಕಳಿಯಂದ್ರೇ, ಇನ್ನೂ ಕುಯ್ದಿಲ್ವಾ?"

ಭಯವಾಗುತ್ತದೆ ಎಂದು ಹೇಳಬಹುದಿತ್ತು. ಆದರೆ ಹತ್ತೊಂಬತ್ತು ವರ್ಷದಿಂದ ಆ ಮನೆಯಲ್ಲಿ ತೊಡೆ ಪೀಸನ್ನು ಹಕ್ಕಿನಿಂದ ತಿಂದ ಅಳಿಯ ಯಾವ ಮುಖ ಇಟ್ಟುಕೊಂಡು ಹಾಗೆ ಹೇಳಿಯಾನು? ಆಗ ನನಗೆ ನನ್ನ ಮದುವೆಯ ಮಾರನೆಯ ವರ್ಷ ನೆನಪಾಯಿತು. ಹೆಂಡತಿ ಬಸುರಿಯಾಗಿದ್ದಾಗ ಗಂಡನಾದವನು ಜೀವ ತೆಗೆಯಬಾರದೆಂದು ನಮ್ಮ ಕಡೆ ಕಟ್ಟುಪಾಡು. ಕೋಳಿ ಹಾಗಿರಲಿ, ಹಾವು ಕಂಡರೂ ಕೋಲೆತ್ತುವಂತಿಲ್ಲ. ಮಗಳು ಹೊಟ್ಟೆಯಲ್ಲಿದ್ದ ಆ ಒಂಬತ್ತು ತಿಂಗಳು ಯಾರೂ ನನ್ನ ಕೈಗೆ ಚಾಕು ಕೊಟ್ಟಿರಲಿಲ್ಲ. ಅದು ನನ್ನ ಸಂಸಾರದ ಅತ್ಯಂತ ನೆಮ್ಮದಿಯ ಕಾಲ. ಆ ನೆಮ್ಮದಿ ನೆನಪಾಗಿದ್ದೇ ತಡ, ನಾಲಿಗೆ ತಾನಾಗಿ ಹೊರಳಿತು.

"ಅತ್ತೆ, ನಾನು ಕುಯ್ಯಂಗಿಲ್ಲ. ಸುಧಾ... ಅದೇ... ಈಗ ಮೂರು ತಿಂಗಳು."

ಅತ್ತೆಯ ಕೈಲಿದ್ದ ಸೌಟು ಕೆಳಗೆ ಬಿತ್ತು. ಸುಧಾಳಿಗೆ ನಲವತ್ತೆರಡು ವರ್ಷ, ಮಗಳು ಡಿಗ್ರಿ ಓದುತ್ತಿದ್ದಾಳೆ. ಇದೆಲ್ಲ ನನಗೆ ಹೊಳೆದದ್ದು ಮಾತು ಬಾಯಿಂದ ಹೊರಬಿದ್ದ ಮೇಲೆ. "ಅಯ್ಯೋ ನಮ್ಮಪ್ಪನೇ! ಫೋನಲ್ಲಿ ಒಂದ್ ಮಾತು ಹೇಳ್ಬಾರ್ದಾಗಿತ್ತಾ!" ಎಂದು ಅತ್ತೆ ಅಳುತ್ತಾ ನಗುತ್ತಾ ಹೊರಕ್ಕೆ ಓಡಿದರು. ಪಕ್ಕದ ಮನೆಯ ಪುಟ್ಟಮ್ಮನಿಗೆ ವಿಷಯ ಮುಟ್ಟಿತು. ಪುಟ್ಟಮ್ಮನಿಗೆ ಮುಟ್ಟಿದ ವಿಷಯ ಊರಿಗೆ ಮುಟ್ಟಲು ಎಷ್ಟು ಹೊತ್ತು? ನಾನು ಹುಂಜವನ್ನು ತಬ್ಬಿಕೊಂಡು ಅಲ್ಲೇ ಕೂತಿದ್ದೆ. ಆ ಗಳಿಗೆಯಲ್ಲಿ ಆ ಮನೆಯಲ್ಲಿ ನನಗಿದ್ದ ಸ್ನೇಹಿತ ಅದೊಂದೇ.

ಮುಂದಿನದನ್ನು ನಾನು ಕಣ್ಣಾರೆ ಕಾಣಲಿಲ್ಲ, ಮಗಳು ಹಲ್ಲು ಕಡಿಯುತ್ತಾ ಹೇಳಿದ್ದು. ಸುಧಾ ಬಸ್ಸಿಳಿಯುತ್ತಿದ್ದ ಹಾಗೇ ಇಬ್ಬರು ಹೆಂಗಸರು ಅವಳ ಬ್ಯಾಗು ಕಿತ್ತುಕೊಂಡರಂತೆ. ಮೂರನೆಯವಳು ತೋಳು ಹಿಡಿದು ಮೋರಿ ದಾಟಿಸಿದಳಂತೆ. ಪುಟ್ಟಮ್ಮ ಮಗಳ ಗಲ್ಲ ಹಿಂಡಿ, "ನಿಂಗೊಬ್ಬ ತಮ್ಮ ಬರ್ತಾವ್ನೆ ಕಣವ್ವ" ಎಂದರಂತೆ. ಮಗಳು ಹಿತ್ತಲಿಗೆ ಬಂದವಳು, "ಅಪ್ಪಾ, ಲೈಫಲ್ಲಿ ಇನ್ ಈ ಊರಿಗೆ ಬರಲ್ಲ ನಾನು" ಎಂದು ದಡದಡ ಒಳಗೆ ಹೋದಳು. ಹಿಂದೆಯೇ ಸುಧಾ ಬಂದಳು. ಸೊಂಟದ ಮೇಲೆ ಕೈಯಿಟ್ಟು ನಿಂತು, ತುಂಬ ಮೆತ್ತಗಿನ ದನಿಯಲ್ಲಿ ಕೇಳಿದಳು. "ರೀ, ನನಗೆ ಎಷ್ಟು ತಿಂಗಳಂತೆ?"

"ಮೂರು ಅಂತ ಹೇಳಿದೀನಿ" ಎಂದೆ.

ಆಮೇಲೆ ಅವಳು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಹೊಸತೊಡಕಿನ ದಿನ ಜಗಳವಾಡಬಾರದೆಂದು ನೆನಪಿಸಿದೆ, ಅದರಿಂದ ಮಾತು ಇನ್ನಷ್ಟು ಬೆಳೆಯಿತು. ಗದ್ದಲಕ್ಕೆ ಓಡಿ ಬಂದ ಅತ್ತೆಗೆ ಎಲ್ಲವೂ ತಿಳಿಯಿತು. ರುದ್ರಪ್ಪ, ಪ್ರತಿಜ್ಞೆ, ಚಾಕು, ರಾಗಿ ಕಾಳು, ಎಲ್ಲವೂ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅತ್ತೆ ಮಾತ್ರ ಕಲ್ಲಿನ ಮೇಲೆ ಕುಸಿದು ಕೂತು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕುಲುಕುಲು ನಗತೊಡಗಿದರು.

"ನಮ್ ಯಜಮಾನ್ರೂ ಹಿಂಗೇ ಕಣ್ರಪ್ಪ!" ಎಂದರು ಕೊನೆಗೆ, ಕಣ್ಣೊರೆಸಿಕೊಳ್ಳುತ್ತಾ. "ಮೂರು ಮುದ್ದೆ ಉಣ್ಣೋರು. ಕುಯ್ಯೋದು ಅಂದ್ರೆ ಮಾತ್ರ ಬಸುರಿ ಅನ್ನೋರು. ಒಂದ್ ವರ್ಷ ಯುಗಾದಿಗೂ ಬಸುರಿ, ಮಾರ್ನಮಿಗೂ ಬಸುರಿ, ಸಂಕ್ರಾಂತಿಗೂ ಬಸುರಿ. ಊರೋರೆಲ್ಲ ಆನೆ ಬಸುರಿ ಅಂತ ಆಡ್ಕೊಂಡು ನಗೋರು. ನಾನು ಹೆತ್ತಿದ್ದು ಎರಡು, ಅವ್ರು ಊರಿಗೆ ಹೇಳಿದ್ದು ಹದಿಮೂರು!"

ತೀರಿಕೊಂಡ ನಮ್ಮ ಮಾವ ದೊಡ್ಡ ಮೀಸೆಯ ಗಂಭೀರ ಮನುಷ್ಯ. ಅವರ ಫೋಟೊದ ಮುಂದೆ ನಿಂತಾಗ ನಾನು ಇವತ್ತಿಗೂ ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತೇನೆ. "ಹಂಗಾದ್ರೆ ಕೋಳಿ ಯಾರು ಕುಯ್ತಿದ್ರು ಅತ್ತೆ?" ಎಂದೆ. ಹೆಂಗಸರು ಕುಯ್ಯಬಾರದೆಂಬುದು ಆ ಊರಿನ ಇನ್ನೊಂದು ಕಟ್ಟುಪಾಡು. ಗಂಡಸರಿಲ್ಲದ ಮನೆಯ ಹೆಂಗಸರು ಕೋಳಿ ಹಿಡಿದುಕೊಂಡು ಬೀದಿಯಲ್ಲಿ ಯಾವನಾದರೂ ಗಂಡಸು ಸಿಕ್ಕಾನೆಂದು ಕಾಯುವುದನ್ನು ನಾನೇ ನೋಡಿದ್ದೇನೆ.

"ಇನ್ಯಾರು? ಬಸುರಿ ನೆಪ ನಡೀದೆ ಹೋದ್ಮೇಲೆ ನಾನೇ. ಹುಲ್ಲಿನ ಮೆದೆ ಹಿಂದ್ಗಡೆ. ಯಾರಾದ್ರೂ ಬಂದಾರು ಅಂತ ಅವ್ರು ಕಾವಲು ನಿಂತ್ಕೊಳೋರು. ಆಮೇಲೆ ರಕ್ತ ಅಂಟಿದ ಚಾಕು ಹಿಡ್ಕೊಂಡು ಬೀದೀಲಿ ಒಂದ್ ಸುತ್ತು ಹಾಕ್ಕೊಂಡು ಬರೋರು" ಎಂದು ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು. "ಕೊಡಿ ಇಲ್ಲಿ. ಕಾಲಾದ್ರೂ ಹಿಡ್ಕೊಳಿ."

ಕಾಲು ಹಿಡಿದೆ. ಕಣ್ಣು ಮುಚ್ಚಿಕೊಂಡೇ ಹಿಡಿದೆ. ಬೆರಳುಗಳ ನಡುವೆ ಅದು ಎರಡು ಸಲ ಜೋರಾಗಿ ಜಗ್ಗಿತು, ಆಮೇಲೆ ಮೆಲ್ಲಗೆ ಜಗ್ಗಿತು, ಆಮೇಲೆ ಇಲ್ಲ. ನನಗೆ ನಿಜವಾಗಿಯೂ ದುಃಖವಾಯಿತು, ಇದನ್ನು ತಮಾಷೆಗೆ ಹೇಳುತ್ತಿಲ್ಲ. ಇಷ್ಟು ಹೊತ್ತೂ ನನ್ನ ತೊಡೆಯ ಮೇಲೆ ನಂಬಿ ಮಲಗಿದ್ದ ಜೀವ. ಇನ್ನು ಮೇಲೆ ಬಾಡು ಮುಟ್ಟುವುದಿಲ್ಲ ಎಂದು ಆ ಕ್ಷಣ ಮನಸ್ಸಿನಲ್ಲೇ ಅಂದುಕೊಂಡೆ. ಪುಕ್ಕ ತರಿದು ಅರಿಶಿನ ಹಚ್ಚಿ ತೆಂಗಿನ ಗರಿಯ ಉರಿಯಲ್ಲಿ ಸುಡುವಾಗ ದುಃಖ ಸ್ವಲ್ಪ ಹಗುರಾಯಿತು. ಒಗ್ಗರಣೆಗೆ ಚಕ್ಕೆ ಲವಂಗ ಬಿದ್ದಾಗ ಮುಕ್ಕಾಲು ಪಾಲು ಇಳಿಯಿತು. ಸಾರು ಕುದಿ ಬರುವ ಹೊತ್ತಿಗೆ ನಾನು ಕೈ ತೊಳೆದುಕೊಂಡು ಎಲ್ಲರಿಗಿಂತ ಮುಂಚೆ ಬಂದು ಕೂತಿದ್ದೆ.

ಸುಧಾ ನನ್ನ ತಟ್ಟೆಗೆ ಮುದ್ದೆ ಹಾಕಿದಳು. ಪಕ್ಕದಲ್ಲಿ ಹಿಂದಿನ ದಿನದ ಒಬ್ಬಟ್ಟಿನ ಸಾರು ಬಿಟ್ಟಳು. "ಕುಯ್ಲಿಲ್ಲ ಅಂದ್ರೆ ಮುಟ್ಟಲ್ಲ ಅಂತ ಹೇಳಿದ್ರಲ್ಲ, ನೆನಪಿಟ್ಕೊಂಡಿದೀನಿ" ಎಂದಳು.

"ಕಾಲು ಹಿಡ್ಕೊಂಡಿದ್ನಲ್ಲ. ಅಲ್ಲಿಗೆ ಅರ್ಧ ಕುಯ್ದಂಗೇ" ಎಂದೆ.

"ಹಂಗಾದ್ರೆ ಊಟನೂ ಅರ್ಧನೇ. ಕೋಳಿ ಸಾರು ಮುಟ್ಟದೆ ಬರೀ ಮುದ್ದೆ ತಿನ್ನಿ."

ಮಗಳು ನನ್ನ ಎದುರಿಗೇ ಕೂತು ತೊಡೆ ಪೀಸು ಕಚ್ಚಿದಳು. ಹತ್ತೊಂಬತ್ತು ವರ್ಷ ನನ್ನದಾಗಿದ್ದ ಪೀಸು. ಇವತ್ತು ತಪ್ಪಿದರೆ ವರ್ಷವೆಲ್ಲ ತಪ್ಪಿದಂತೆ ಎಂಬ ಯೋಚನೆ ಬಂತು. ಮುದ್ದೆ ಮುರಿದು ಒಬ್ಬಟ್ಟಿನ ಸಾರಿನಲ್ಲಿ ಅದ್ದಿದೆ, ಬಾಯಿಗಿಡಲು ಕೈ ಏಳಲಿಲ್ಲ. ಕಣ್ಣು ಮಾತ್ರ ಒಲೆಯ ಮೇಲಿನ ಪಾತ್ರೆಯನ್ನು ಬಿಟ್ಟು ಅಲ್ಲಾಡಲಿಲ್ಲ. ಅತ್ತೆಗೆ ಕರುಳು ಚುರುಕ್ಕೆಂದಿರಬೇಕು, ಸೌಟು ಕೈಗೆತ್ತಿಕೊಂಡು ಸುಧಾಳ ಮುಖ ನೋಡಿದರು.

ಸುಧಾ ನಿಟ್ಟುಸಿರು ಬಿಟ್ಟಳು. "ಬಡಿಸಮ್ಮ, ಬಡಿಸು. ಬಸುರಿ ನಾನಾದ್ರೂ ಬಯಕೆಯೆಲ್ಲಾ ಅವರದ್ದೇ. ತೀರಿಸದೆ ಹೋದ್ರೆ ಹುಟ್ಟೋ ಮಗೂಗೆ ಕಿವಿ ಸೋರುತ್ತಂತೆ."

ಹುಟ್ಟಲಿರುವ ಮಗುವಿನ ಕಿವಿಯ ಯೋಗಕ್ಷೇಮವನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ತಟ್ಟೆಯನ್ನು ಮುಂದಕ್ಕೆ ಚಾಚಿದೆ.